ಹದಿನೇಳು-ಎ

ರಾತ್ರಿ ಹನ್ನೆರಡಕ್ಕೆ ತಲೆ ಎಣಿಸುವುದು ನನ್ನ ಕೆಲಸ.
ಗುತ್ತಿಗೆಯದು. ಸಂಬಳ ಮೂರು ತಿಂಗಳಿಗೊಮ್ಮೆ,
ಬಂದರೆ ಬಂತು.
ರಿಜಿಸ್ಟರಿನಲ್ಲಿ ಎರಡು ಕಲಂ:
ಮಂಜೂರಾದ ಹಾಸಿಗೆ, ತುಂಬಿದ ಹಾಸಿಗೆ.
ಮೊದಲನೆಯದರಲ್ಲಿ ಯಾವಾಗಲೂ ಮೂವತ್ತು.
ಈ ವಾರ್ಡಿಗೆ ಹೆಂಚಿನ ಮಾಡು ಇದ್ದ ಕಾಲದಲ್ಲೂ
ಮೂವತ್ತೇ ಅಂತೆ.

ಮಂಗಳೂರಿನ ಆಟಿಯಲ್ಲಿ ಜ್ವರಕ್ಕೆ ಮಾತ್ರ ಸುಗ್ಗಿ.
ಬಂದರಿನ ದಕ್ಕೆಯಿಂದ, ಅರ್ಧ ಎದ್ದ ಅಪಾರ್ಟ್‌ಮೆಂಟುಗಳ ಶೆಡ್ಡಿನಿಂದ,
ಮಂಜೇಶ್ವರದ ಬಸ್ಸಿನಿಂದ, ಘಾಟಿ ಇಳಿದ ಆಂಬುಲೆನ್ಸಿನಿಂದ
ಒಂದೇ ಪ್ರಶ್ನೆ ಇಳಿಯುತ್ತದೆ: ಬೆಡ್ ಉಂಟಾ?
ಸಿಸ್ಟರ್ ಲವೀನಾ ತಲೆಯೆತ್ತದೆ ಹೇಳುತ್ತಾರೆ:
ಇಲ್ಲ. ಬನ್ನಿ.
ಆ ಎರಡು ಮಾತಿನ ನಡುವೆ ಒಂದು ಚುಕ್ಕಿ.
ಅಷ್ಟು ಜಾಗದಲ್ಲಿ ಒಂದು ಚಾಪೆ ಹಿಡಿಸುತ್ತದೆ.

ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ನೆಲದಲ್ಲಿರುವವ
ಹದಿನೇಳು-ಎ.
ಹೆಸರು ಬೈಧರ ಬೆಹೆರಾ, ಒಡಿಶಾದ ಕಡೆಯವ.
ದಕ್ಕೆಗೆ ಕಟ್ಟಿದ ಬೋಟಿಗೆ ಬಣ್ಣ ಬಳಿಯುವಾಗ ಹಿಡಿದ ಚಳಿ.
ಡ್ಯೂಟಿ ಡಾಕ್ಟರು ಉಗುರು ನೋಡಿ ಬೆಚ್ಚಿದರು,
ನೀಲಿ!
ಉಜ್ಜಿ ನೋಡಿ ನಕ್ಕರು. ಪೇಂಟು.
ಅವನ ಗ್ಲೂಕೋಸ್ ಬಾಟಲಿ ಹದಿನೆಂಟರ ಕಂಬಕ್ಕೆ ತೂಗಿದೆ,
ಹದಿನೆಂಟರ ಇದ್ದಿನಬ್ಬರು ಮಗ್ಗುಲು ಬದಲಿಸುವಾಗ
ಕೆಳಗೊಮ್ಮೆ ನೋಡಿ ಬದಲಿಸುತ್ತಾರೆ.

ಗಂಜಿ ಮೂವತ್ತು ಜನಕ್ಕೆ. ಬೆಡ್‌ಶೀಟು ಮೂವತ್ತು.
ರಾತ್ರಿಗೆ ಇಬ್ಬರು ಸಿಸ್ಟರು, ಅದೂ ಮೂವತ್ತರ ಲೆಕ್ಕದಲ್ಲಿ.
ಬಡಿಸುವ ಗುಲಾಬಿಯಕ್ಕ ಹಂಡೆಗೆ ನೀರು ಸುರಿಯುತ್ತಾರೆ:
ಇದಕ್ಕೂ ಮಂಜೂರಾತಿ ಬೇಕಾ ಮಾರಾಯ್ತಿ?
ಗಂಜಿ ಎಷ್ಟು ನೀರನ್ನಾದರೂ ಹಿಡಿಯುತ್ತದೆ.
ಮಂಚ ಹಿಡಿಯುವುದಿಲ್ಲ.

ಹೋದ ವರ್ಷ ಮೇಲಿನವರು ನೋಡಲಿಕ್ಕೆ ಬಂದಿದ್ದರು.
ನೆಲದ ಮೇಲೆ ಯಾರೂ ಕಾಣಬಾರದು ಎಂದು ಹಿಂದಿನ ದಿನವೇ ಆಜ್ಞೆ.
ಇಪ್ಪತ್ತೊಂದು ಜನರನ್ನು ಚಾಪೆ ಸಮೇತ
ಹಳೆಯ ಎಕ್ಸ್‌ರೇ ಕೋಣೆಗೆ ಸಾಗಿಸಿದೆವು.
ಯಂತ್ರ ಯಾವಾಗಲೋ ಹೋಗಿಯಾಗಿದೆ;
ಉಸಿರು ಹಿಡೀರಿ ಎಂದು ಅಲ್ಲಿ ಯಾರೂ ಹೇಳಲಿಲ್ಲ,
ಅವರಾಗಿಯೇ ಹಿಡಿದು ಕೂತರು.
ಫಿನಾಯಿಲಿನ ಮೇಲೆ ಊದುಬತ್ತಿ.
ನಾನು ಬರೆದೆ: ಮೂವತ್ತಕ್ಕೆ ಮೂವತ್ತು.
ಸಾಹೇಬರು ಬೆರಳಿನಿಂದ ಕಿಟಕಿಯ ಧೂಳು ನೋಡಿ
ಸಂತೋಷಪಟ್ಟರು.

ದೀಪಾವಳಿ ಕಳೆದು ಕಡತ ಬೆಂಗಳೂರಿನಿಂದ ಮರಳಿತು.
ಹೆಚ್ಚುವರಿ ಇಪ್ಪತ್ತು ಹಾಸಿಗೆಗಳ ಅನುದಾನ ಕುರಿತು
ಪರಿಶೀಲಿಸಲಾಗಿ, ಅಂಕಿಅಂಶಗಳನ್ವಯ
ಅಗತ್ಯ ಕಂಡುಬಂದಿರುವುದಿಲ್ಲ.

ಅಂಕಿ ನನ್ನದು.
ಅಂಶ ಎಕ್ಸ್‌ರೇ ಕೋಣೆಯಲ್ಲಿ ಕೆಮ್ಮುತ್ತಿತ್ತು.

ಯಾರೂ ನನ್ನನ್ನು ಕೇಳಲಿಲ್ಲ. ಅದೇ ಕಷ್ಟ.
ಕೇಳಿದ್ದರೆ ಆಜ್ಞೆಯ ಕಡೆಗೆ ಕೈ ತೋರಿಸಬಹುದಿತ್ತು,
ಆಜ್ಞೆ ಬಾಯಿಮಾತಿನದು, ಬರೆದ ಅಕ್ಷರ ಮಾತ್ರ
ನನ್ನ ಕೈಯದು, ಓರೆಯಾದ ಮೂರು, ಪಕ್ಕದಲ್ಲಿ ಸೊನ್ನೆ.

ಇವತ್ತು ಹನ್ನೊಂದೂವರೆಗೆ ಹದಿನೆಂಟು ಖಾಲಿಯಾಯಿತು.
ಇದ್ದಿನಬ್ಬರ ಮಗ ಚಪ್ಪಲಿ ಹುಡುಕಿದ,
ಅಪ್ಪನದು; ಮಂಚದಡಿ ಒಂದೇ ಸಿಕ್ಕಿತು.
ಇನ್ನೊಂದನ್ನು ಬೈಧರ ತಲೆದಿಂಬಿನ ಹಾಗೆ
ಬಟ್ಟೆಯಲ್ಲಿ ಸುತ್ತಿ ಮಲಗಿದ್ದ. ತೆಗೆದು ಕೊಟ್ಟ,
ಎರಡೂ ಕೈಯಲ್ಲಿ.

ಶೀಟು ಬದಲಾಗಲಿಲ್ಲ, ಇರಲಿಲ್ಲ. ತಿರುಗಿಸಿ ಹಾಕಿದೆವು.
ಏಳು, ಮೇಲೆ ಹೋಗು ಎಂದರು ಸಿಸ್ಟರ್.
ಬಾಟಲಿ ಇದ್ದಲ್ಲೇ ಇತ್ತು,
ಅವನು ಮಾತ್ರ ಎರಡಡಿ ಮೇಲೇರಿದ,
ನೀಲಿ ಉಗುರಿನಿಂದ ಮಂಚದ ಕಂಬಿ ಹಿಡಿದುಕೊಂಡು,
ಅಲೆಯಿರುವ ದಿನ ಬೋಟಿಗೆ ಹತ್ತುವವರ ಹಾಗೆ.
ಚಾಪೆಯ ಬಿಸಿ ಆರುವ ಮೊದಲು ಬಾಗಿಲಲ್ಲಿ
ಮತ್ತೊಬ್ಬ, ಹೆಂಡತಿಯ ಹೆಗಲ ಮೇಲೆ ತಲೆ.

ಒಂದು ಕಳೆದೆ, ಒಂದು ಕೂಡಿದೆ: ನಲವತ್ತೊಂಬತ್ತು.
ಕಂಪ್ಯೂಟರಿಗೆ ಹಾಕಿದರೆ ಕೆಂಪು ಅಕ್ಷರ ಬರುತ್ತದೆ,
ಮಂಜೂರಾತಿ ಮೀರಿದ ಸಂಖ್ಯೆ ಅದಕ್ಕೆ ಇಳಿಯದು.
ಇರಲಿ, ರಿಜಿಸ್ಟರು ಕಾಗದದ್ದು.
ಬಾಲ್‌ಪೆನ್ನು ಒತ್ತಿ ಬರೆದೆ,
ನಾಳೆಯ ಹಾಳೆಯಲ್ಲೂ ಗುರುತು ಮೂಡುವಷ್ಟು.